ಹತ್ತು ದೂರು, ಐದು ತಪ್ಪು

ಮಕ್ಕಳೇ, ಈ ವಾರ ಕಂಪ್ಯೂಟರ್ ಪ್ರೋಗ್ರಾಮಿನ ವಿಷಯ. ಅಜ್ಜ-ಅಜ್ಜಿಯರು ‘ಇದು ನಮಗಲ್ಲ’ ಎಂದು ಪುಟ ತಿರುಗಿಸಬೇಡಿ. ಇದರಲ್ಲಿ ನಿಮಗೂ ಒಂದು ಕೆಲಸವಿದೆ. ಅದಕ್ಕೆ ಕಂಪ್ಯೂಟರ್ ಮುಟ್ಟುವುದೂ ಬೇಕಿಲ್ಲ, ಸರಳ ಬಡ್ಡಿಯ ಲೆಕ್ಕ ಗೊತ್ತಿದ್ದರೆ ಸಾಕು.

ಮೊದಲು ಎರಡು ಮಾತು ಪೀಠಿಕೆಗೆ. ಕಂಪ್ಯೂಟರಿಗೆ ಕೆಲಸ ಹೇಳಲು ಬಳಸುವ ಭಾಷೆಗಳಲ್ಲಿ ‘ಸಿ’ ಒಂದು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಸ್ಥೆಯಲ್ಲಿ ಡೆನಿಸ್ ರಿಚಿ ಎಂಬವರು 1970ರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ರೂಪಿಸಿದರು. ಅವರೂ ಬ್ರಯಾನ್ ಕರ್ನಿಹನ್ ಅವರೂ ಸೇರಿ 1978ರಲ್ಲಿ ಅದರ ಬಗ್ಗೆ ಒಂದು ಪುಸ್ತಕ ಬರೆದರು. ‘ಹಲೋ, ವರ್ಲ್ಡ್’ ಎಂದು ಪರದೆಯ ಮೇಲೆ ತೋರಿಸುವುದೇ ಆ ಪುಸ್ತಕದ ಮೊದಲ ಪ್ರೋಗ್ರಾಮ್. ಇವತ್ತಿಗೂ ಹೊಸಬರು ಅಲ್ಲಿಂದಲೇ ಶುರುಮಾಡುತ್ತಾರೆ. ಹಳೆಯ ಭಾಷೆ ಎಂದು ಸಿಯನ್ನು ಯಾರೂ ಅಟ್ಟಕ್ಕೆ ಎಸೆದಿಲ್ಲ. ನಿಮ್ಮ ಮನೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಕೆಲಸ ಮಾಡುವ ಲಿನಕ್ಸ್ ಬಹುಪಾಲು ಸಿಯಲ್ಲೇ ಬರೆದದ್ದು.

ನಾವು ಸಿಯಲ್ಲಿ ಬರೆದದ್ದು ಕಂಪ್ಯೂಟರಿಗೆ ನೇರವಾಗಿ ಅರ್ಥವಾಗುವುದಿಲ್ಲ. ನಡುವೆ ಕಂಪೈಲರ್ ಎಂಬ ತರ್ಜುಮೆದಾರ ಇದ್ದಾನೆ. ನಮ್ಮ ಸಾಲುಗಳನ್ನು ಮೇಲಿಂದ ಕೆಳಕ್ಕೆ ಓದಿ, ಯಂತ್ರದ ಭಾಷೆಗೆ ಬದಲಾಯಿಸುವುದು ಅವನ ಕೆಲಸ. ಅವನಿಗೆ ಅರ್ಥವಾಗದ ಮಾತು ಬಂದಾಗ ಅವನು ಬರೆದುಕೊಡುವ ದೂರಿಗೇ ‘ಎರರ್’ ಎನ್ನುತ್ತಾರೆ. ದೂರು ಎಂದೆ, ಗಮನಿಸಿ. ಅದು ಬೈಗುಳವಲ್ಲ, ಪರೀಕ್ಷೆಯ ಅಂಕವೂ ಅಲ್ಲ.

ಈ ವ್ಯತ್ಯಾಸ ತಿಳಿಯದೆ ಒಬ್ಬಳು ಓದನ್ನೇ ಬಿಡಲು ಹೊರಟಿದ್ದಳು. ನಮ್ಮ ಬೀದಿಯ ಹುಡುಗಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಡಿಪ್ಲೊಮಾ ಮೊದಲ ವರ್ಷ. ಅವಳ ತಂದೆ ಕೈಸಾಲ ಮಾಡಿ ಫೀಸು ಕಟ್ಟಿದ್ದಾರೆ. ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. ನಿವೃತ್ತಿಯ ಮೇಲೆ ನಾನು ಪುಸ್ತಕ ಇಟ್ಟುಕೊಂಡು ಒಂದಿಷ್ಟು ಸಿ ಕಲಿತಿದ್ದು ಬೀದಿಗೆಲ್ಲ ಗೊತ್ತು.

“ತಾತ, ಹತ್ತು ಸಾಲು ಬರೆದ್ರೆ ಹತ್ತು ಎರರ್ ಬಂದಿದೆ. ಕ್ಲಾಸಲ್ಲಿ ಎಲ್ಲರದ್ದೂ ರನ್ ಆಯ್ತು, ನಂದು ಮಾತ್ರ ಆಗ್ಲಿಲ್ಲ. ನಂಗೆ ಇದು ತಲೆಗೆ ಹತ್ತಲ್ಲ. ಕೋರ್ಸ್ ಬಿಟ್ಬಿಡ್ತೀನಿ ಅಂತ ಅಪ್ಪಂಗೆ ಹೇಗೆ ಹೇಳ್ಲಿ?”

“ಹತ್ತು ತಪ್ಪಲ್ಲಮ್ಮ, ಹತ್ತು ದೂರು. ತಪ್ಪು ಎಷ್ಟಿದೆ ಅಂತ ಈಗ ಇಬ್ಬರೂ ನೋಡೋಣ,” ಎಂದೆ.

ಅವಳು ಬರೆದಿದ್ದ ಪ್ರೋಗ್ರಾಮ್ ಇದು. ಅಸಲು, ವರ್ಷ, ಬಡ್ಡಿದರ ಕೊಟ್ಟರೆ ಸರಳ ಬಡ್ಡಿ ಹೇಳಬೇಕು. ಕಂಪ್ಯೂಟರಿನಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಅಜ್ಜಿಯರೂ ಓದಲಿ ಎಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

1. # ಇನ್‌ಕ್ಲೂಡ್ <ಎಸ್‌ಟಿಡಿಐಒ.ಎಚ್>
2. ಇಂಟ್ ಮೇನ್ ( )
3. {
4. ಇಂಟ್ ಅಸಲು, ವರ್ಷ, ದರ, ಬಡ್ಡಿ
5. ಪ್ರಿಂಟ್‌ಎಫ್ ("ಅಸಲು, ವರ್ಷ, ದರ ಕೊಡಿ");
6. ಸ್ಕ್ಯಾನ್‌ಎಫ್ ("%ಡಿ %ಡಿ %ಡಿ", ಅಸಲು, ವರ್ಷ, ದರ);
7. ಬಡ್ಡಿ = ಅಸಲು * ವರ್ಷ * ದರ / 100;
8. ಪ್ರಿಂಟ್‌ಎಫ್ (“ಬಡ್ಡಿ %ಡಿ”, ಬಡಿ);
9. ರಿಟರ್ನ್ 0;
10. }

ಓದುವುದು ಕಷ್ಟವಲ್ಲ. ‘ಇಂಟ್’ ಎಂದರೆ ಪೂರ್ಣಸಂಖ್ಯೆ ಇಡುವ ಡಬ್ಬಿ. ನಾಲ್ಕನೇ ಸಾಲಿನಲ್ಲಿ ಅಂಥ ನಾಲ್ಕು ಡಬ್ಬಿಗಳಿಗೆ ಹೆಸರಿಟ್ಟಿದ್ದಾಳೆ. ‘ಪ್ರಿಂಟ್‌ಎಫ್’ ಪರದೆಯ ಮೇಲೆ ಬರೆಯುತ್ತದೆ. ‘ಸ್ಕ್ಯಾನ್‌ಎಫ್’ ನಾವು ಕೀಲಿಮಣೆಯಲ್ಲಿ ಒತ್ತಿದ್ದನ್ನು ಓದಿ ಡಬ್ಬಿಗೆ ಹಾಕುತ್ತದೆ. ‘%ಡಿ’ ಎಂದರೆ ‘ಇಲ್ಲಿ ಒಂದು ಪೂರ್ಣಸಂಖ್ಯೆ’ ಎಂಬ ಗುರುತು. ನಕ್ಷತ್ರ ಎಂದರೆ ಗುಣಾಕಾರ. ಒಳಗೆ ಐದು ತಪ್ಪುಗಳಿವೆ. ಮುಂದೆ ಓದುವ ಮೊದಲು, ಪೆನ್ಸಿಲ್ ಹಿಡಿದು ಎಷ್ಟು ಸಿಗುತ್ತವೆ ನೋಡಿ.

ಮೊದಲ ದೂರು ಐದನೇ ಸಾಲಿನ ಮೇಲೆ ಬಂದಿತ್ತು. ಹುಡುಗಿ ಐದನೇ ಸಾಲನ್ನು ಅಳಿಸಿ ಮೂರು ಸಲ ಹೊಸದಾಗಿ ಬರೆದಿದ್ದಳಂತೆ. ಐದನೇ ಸಾಲಿನಲ್ಲಿ ತಪ್ಪೇ ಇಲ್ಲ! ತಪ್ಪಿರುವುದು ನಾಲ್ಕರಲ್ಲಿ. ಕೊನೆಯಲ್ಲಿ ಸೆಮಿಕೋಲನ್ ಬಿಟ್ಟಿದ್ದಾಳೆ.

ಹಾಗಾದರೆ ಕಂಪೈಲರ್ ಐದನೇ ಸಾಲನ್ನು ಏಕೆ ದೂರಿದ? ಸಿ ಭಾಷೆಯಲ್ಲಿ ಸಾಲು ಮುರಿದು ಕೆಳಗೆ ಹೋಗುವುದಕ್ಕೆ ವಿಶೇಷ ಅರ್ಥವಿಲ್ಲ, ಅದೂ ಬರೀ ಖಾಲಿ ಜಾಗವಿದ್ದ ಹಾಗೆ. ಮಾತು ಮುಗಿಯಿತು ಎಂದು ಹೇಳುವುದು ಸೆಮಿಕೋಲನ್ ಮಾತ್ರ. ಹಾಗಾಗಿ ಅವನು ‘ಅಸಲು, ವರ್ಷ, ದರ, ಬಡ್ಡಿ’ ಎಂದು ಓದಿ, ಮಾತು ಮುಗಿದಿಲ್ಲವಲ್ಲ ಎಂದು ಕೆಳಗಿಳಿಯುತ್ತಾನೆ. ‘ಪ್ರಿಂಟ್‌ಎಫ್’ ಕಣ್ಣಿಗೆ ಬಿದ್ದಾಗ ‘ಇದೇನು ನಡುವೆ?’ ಎಂದು ನಿಲ್ಲುತ್ತಾನೆ. ನಿಂತ ಜಾಗದ ನಂಬರು ಬರೆದುಕೊಡುತ್ತಾನೆ. ಎಡವಿದ್ದು ಎಲ್ಲೋ, ಬಿದ್ದದ್ದು ಇನ್ನೆಲ್ಲೋ. ಬಿದ್ದ ಜಾಗವಷ್ಟೇ ಅವನಿಗೆ ಗೊತ್ತು. ಕಲ್ಲನ್ನು ನಾವು ಹಿಂದಕ್ಕೆ ನಡೆದು ಹುಡುಕಬೇಕು. ಆದ್ದರಿಂದ ದೂರಿನಲ್ಲಿ ಹೇಳಿದ ಸಾಲನ್ನೂ ಅದರ ಹಿಂದಿನ ಸಾಲನ್ನೂ ಜೊತೆಗೇ ನೋಡಿ.

ಸೆಮಿಕೋಲನ್ ಹಾಕಿದೆವು, ಬೇರೆ ಏನನ್ನೂ ಮುಟ್ಟಲಿಲ್ಲ. ಮತ್ತೆ ಕಂಪೈಲ್ ಮಾಡಿದರೆ ದೂರುಗಳ ಸಂಖ್ಯೆ ಇಳಿಯಿತು. ಏಕೆಂದರೆ ನಾಲ್ಕನೇ ಸಾಲು ಕೆಟ್ಟಿದ್ದರಿಂದ ಅದರ ಕೊನೆಯ ಡಬ್ಬಿ ‘ಬಡ್ಡಿ’ ದಾಖಲೆಯೇ ಆಗಿರಲಿಲ್ಲ. ಏಳನೇ ಸಾಲಿಗೆ ಬಂದಾಗ ‘ಬಡ್ಡಿ ಯಾರು? ನನಗೆ ಗೊತ್ತಿಲ್ಲ’ ಎಂದು ಇನ್ನೊಂದು ದೂರು ಹುಟ್ಟಿತ್ತು. ತಪ್ಪು ಒಂದು, ಅದರ ಮರಿಗಳು ಹಲವು. ಅದಕ್ಕೇ ದೂರು ಎಷ್ಟೇ ಇರಲಿ, ಮೊದಲನೆಯದನ್ನು ಮಾತ್ರ ಸರಿಪಡಿಸಿ ಮತ್ತೆ ಕಂಪೈಲ್ ಮಾಡಬೇಕು.

ಎರಡನೆಯ ತಪ್ಪು ಎಂಟನೇ ಸಾಲಿನಲ್ಲಿತ್ತು. ಉದ್ಧರಣ ಚಿಹ್ನೆಗಳನ್ನು ನೋಡಿ. ಐದನೇ ಸಾಲಿನಲ್ಲಿ ಅವು ನೆಟ್ಟಗಿವೆ, ಎಂಟರಲ್ಲಿ ಬಾಗಿವೆ. ಗೆಳತಿ ವಾಟ್ಸಾಪಿನಲ್ಲಿ ಕಳಿಸಿದ ಸಾಲನ್ನು ಹಾಗೇ ಎತ್ತಿ ಇಲ್ಲಿ ಅಂಟಿಸಿದ್ದಳು. ಫೋನು, ಪತ್ರ ಬರೆಯುವ ಸಾಫ್ಟ್‌ವೇರ್ ಮುಂತಾದವು ಅಂದಕ್ಕೆಂದು ಚಿಹ್ನೆಯನ್ನು ತಾವಾಗಿಯೇ ಬಾಗಿಸುತ್ತವೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಕಂಪೈಲರಿಗೆ ಬಾಗಿದ ಚಿಹ್ನೆ ಗುರುತೇ ಇಲ್ಲದ ಅಕ್ಷರ. ಆಗ ಅವನು ‘ಸ್ಟ್ರೇ’ ಎಂಬ ಪದ ಬಳಸಿ ದೂರುತ್ತಾನೆ. ದಾರಿ ತಪ್ಪಿ ಬಂದದ್ದು ಎಂದರ್ಥ. ಕಂಪ್ಯೂಟರಿನ ಒಳಗೆ ಇಂಥ ಒಂದೊಂದು ಚಿಹ್ನೆಯನ್ನು ಮೂರು ತುಂಡಾಗಿ ಇಟ್ಟಿರುವುದರಿಂದ, ಕೆಲವು ಕಂಪೈಲರ್‌ಗಳು ಒಂದು ಚಿಹ್ನೆಗೆ ಮೂರು ಸಲ ದೂರುತ್ತವೆ. ಎರಡು ಚಿಹ್ನೆಗೆ ಆರು! ಹತ್ತರಲ್ಲಿ ಹೆಚ್ಚಿನ ಪಾಲು ಇವುಗಳದ್ದೇ. ಅಳಿಸಿ ಕೈಯಲ್ಲೇ ಟೈಪ್ ಮಾಡಿದ ಕೂಡಲೇ ಆರೂ ಹೋದವು.

ಮೂರನೆಯದು ಅದೇ ಸಾಲಿನ ‘ಬಡಿ’. ಒತ್ತು ಬಿಟ್ಟರೆ ಬಡ್ಡಿ ಹೋಗಿ ಬಡಿ ಆಗುತ್ತದೆಂದು ಒಂದನೇ ತರಗತಿಯಲ್ಲೇ ಕಲಿತಿದ್ದೇವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದು ‘ಡಿ’ ಬಿಟ್ಟಿದ್ದಳು. ನಾವಾದರೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕಂಪೈಲರ್ ಊಹಿಸಿ ಮುಂದುವರಿಯುವುದಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರ ಕೂಡ ಅವನಿಗೆ ಬೇರೆ ಬೇರೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ದೂರಿನ ಇಂಗ್ಲಿಷೇ ಅರ್ಧ ಭಯ ಹುಟ್ಟಿಸುತ್ತದೆ. ನಾಲ್ಕು ಪದ ಬರೆದಿಟ್ಟುಕೊಳ್ಳಿ. ‘ಎಕ್ಸ್‌ಪೆಕ್ಟೆಡ್’ ಎಂದರೆ ‘ಇಲ್ಲಿ ಇದು ಇರಬೇಕಿತ್ತು, ಇಲ್ಲ’. ‘ಅನ್‌ಡಿಕ್ಲೇರ್ಡ್’ ಎಂದರೆ ‘ಈ ಹೆಸರನ್ನು ನೀನು ಮೊದಲು ಹೇಳಿಲ್ಲ’. ‘ಸ್ಟ್ರೇ’ ಎಂದರೆ ‘ಇದು ನಮ್ಮ ಅಕ್ಷರವಲ್ಲ’. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ‘ನೀನು ಕರೆದ ಹೆಸರಿನವರು ಎಲ್ಲೂ ಸಿಗಲಿಲ್ಲ’. ಪ್ರಿಂಟ್‌ಎಫ್, ಮೇನ್ ಮುಂತಾದ ಪದಗಳ ಕಾಗುಣಿತ ಕೆಟ್ಟಾಗ ಹೆಚ್ಚಾಗಿ ಇದು ಬರುತ್ತದೆ. ಹೊಸಬರಿಗೆ ಎದುರಾಗುವ ದೂರುಗಳಲ್ಲಿ ಬಹುಪಾಲು ಈ ನಾಲ್ಕರೊಳಗೇ ಇರುತ್ತವೆ.

ಅಂತೂ ಮೂರು ತಪ್ಪು ತಿದ್ದಿದ ಮೇಲೆ ಒಂದೂ ಎರರ್ ಉಳಿಯಲಿಲ್ಲ. ಹುಡುಗಿಯ ಮುಖ ಅರಳಿತು. ಹತ್ತು ಸಾವಿರ ಅಸಲು, ಎರಡು ವರ್ಷ, ಏಳೂವರೆ ದರ ಎಂದು ಟೈಪ್ ಮಾಡಿ ಎಂಟರ್ ಒತ್ತಿದಳು. ಪ್ರೋಗ್ರಾಮ್ ಅಲ್ಲೇ ಸತ್ತು ಬಿತ್ತು. ಪರದೆಯ ಮೇಲೆ ‘ಸೆಗ್ಮೆಂಟೇಶನ್ ಫಾಲ್ಟ್’ ಎಂಬ ಒಂದೇ ಮಾತು.

ಇದು ನಾಲ್ಕನೆಯ ತಪ್ಪು, ಆರನೇ ಸಾಲಿನಲ್ಲಿದೆ. ಬ್ಯಾಂಕಿನ ಲಾಕರಿನ ಹೋಲಿಕೆ ಕೊಟ್ಟರೆ ಸುಲಭ. ‘ಈ ಸರವನ್ನು ಲಾಕರಿನಲ್ಲಿಡು’ ಎಂದು ಒಬ್ಬರನ್ನು ಕಳಿಸುವಾಗ ಏನು ಹೇಳಬೇಕು? ಲಾಕರಿನ ನಂಬರು. ಅದರೊಳಗೆ ಈಗ ಏನಿದೆ ಎಂದು ಹೇಳಿದರೆ ಅವರಿಗೆ ಉಪಯೋಗವಿಲ್ಲ. ಸ್ಕ್ಯಾನ್‌ಎಫ್‌ಗೂ ಹಾಗೆಯೇ. ಸಂಖ್ಯೆಯನ್ನು ಡಬ್ಬಿಗೆ ಹಾಕಬೇಕಾದರೆ ಡಬ್ಬಿಯ ವಿಳಾಸ ಕೊಡಬೇಕು. ಸಿಯಲ್ಲಿ ವಿಳಾಸ ಎನ್ನಲು ಹೆಸರಿನ ಹಿಂದೆ & ಎಂಬ ಚಿಹ್ನೆ ಹಾಕುತ್ತಾರೆ: &ಅಸಲು, &ವರ್ಷ, &ದರ. ಚಿಹ್ನೆ ಬಿಟ್ಟರೆ, ಡಬ್ಬಿಯೊಳಗೆ ಆಗ ಬಿದ್ದಿರುವ ಯಾವುದೋ ಕಸದ ಸಂಖ್ಯೆಯೇ ವಿಳಾಸವೆಂದು ತಿಳಿದು ಪ್ರೋಗ್ರಾಮ್ ಅಲ್ಲಿಗೆ ಹೋಗುತ್ತದೆ. ಅದು ಬೇರೆಯವರ ಮನೆ. ಕಂಪ್ಯೂಟರಿನ ಕಾವಲುಗಾರ ಹಿಡಿದು ಹೊರಗೆ ಹಾಕುತ್ತಾನೆ.

ಈ ತಪ್ಪಿಗೆ ಎರರ್ ಬರಲಿಲ್ಲ ನಿಜ, ಆದರೆ ‘ವಾರ್ನಿಂಗ್’ ಎಂಬ ಎಚ್ಚರಿಕೆ ಬಂದಿತ್ತು. ಎಚ್ಚರಿಕೆ ಬಂದರೂ ಪ್ರೋಗ್ರಾಮ್ ತಯಾರಾಗುತ್ತದಾದ್ದರಿಂದ ಅವಳು ಅದನ್ನು ಓದಿರಲಿಲ್ಲ. ಕಲಿಯುವವರು ಎಚ್ಚರಿಕೆಯನ್ನೂ ಎರರ್ ಎಂದೇ ತಿಳಿಯಬೇಕು. ಜಿಸಿಸಿ ಎಂಬ ಕಂಪೈಲರ್ ಬಳಸುವವರು ಆಜ್ಞೆಯ ಜೊತೆ ಹೈಫನ್, ದೊಡ್ಡಕ್ಷರದ ಡಬ್ಲ್ಯೂ, ಚಿಕ್ಕಕ್ಷರದ ಎ-ಎಲ್-ಎಲ್ ಸೇರಿಸಿದರೆ ಅದು ಇನ್ನೂ ಹೆಚ್ಚು ಎಚ್ಚರಿಕೆಗಳನ್ನು ಹೇಳುತ್ತದೆ.

ಮೂರು & ಚಿಹ್ನೆ ಹಾಕಿದೆವು. ಈಗ ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಪ್ರೋಗ್ರಾಮ್ ಸಾಯಲೂ ಇಲ್ಲ. ‘ಬಡ್ಡಿ 1400’ ಎಂದು ಉತ್ತರ ಬಂತು. “ಬಂತು ತಾತ!” ಎಂದು ಕೂಗಿದಳು.

“ಇರು ಪುಟ್ಟಿ. ಕಾಗದದ ಮೇಲೆ ಒಂದು ಸಲ ಲೆಕ್ಕ ಹಾಕು,” ಎಂದೆ.

ಇಂಥ ಲೆಕ್ಕಕ್ಕೆ ನಮ್ಮ ಅಜ್ಜಿಯರಿಗೆ ಕಾಗದವೂ ಬೇಡ. ನೂರಕ್ಕೆ ವರ್ಷಕ್ಕೆ ಏಳೂವರೆ, ಸಾವಿರಕ್ಕೆ ಎಪ್ಪತ್ತೈದು, ಹತ್ತು ಸಾವಿರಕ್ಕೆ ಏಳುನೂರ ಐವತ್ತು, ಎರಡು ವರ್ಷಕ್ಕೆ ಸಾವಿರದ ಐನೂರು. ಕಂಪ್ಯೂಟರ್ ಹೇಳಿದ್ದು ಸಾವಿರದ ನಾನೂರು. ನೂರು ರೂಪಾಯಿ ಎಲ್ಲಿ ಹೋಯಿತು?

ಇದೇ ಐದನೆಯ ತಪ್ಪು. ನಾಲ್ಕನೇ ಸಾಲಿನ ‘ಇಂಟ್’ ಡಬ್ಬಿ ಪೂರ್ಣಸಂಖ್ಯೆಗೆ ಮಾತ್ರ. 7.5 ಎಂದು ಒತ್ತಿದಾಗ ಅದು 7 ಅನ್ನು ಒಳಗೆ ಹಾಕಿಕೊಂಡು .5 ಅನ್ನು ಬಾಗಿಲ ಹೊರಗೇ ಬಿಟ್ಟಿತು. ಯಾರಿಗೂ ಹೇಳಲಿಲ್ಲ. ದಶಮಾಂಶ ಬೇಕಾದ ಡಬ್ಬಿಗೆ ‘ಫ್ಲೋಟ್’ ಎನ್ನಬೇಕು. ದರ ಮತ್ತು ಬಡ್ಡಿ ಎರಡನ್ನೂ ಫ್ಲೋಟ್ ಮಾಡಿ, ಅವುಗಳ ಗುರುತನ್ನು ‘%ಡಿ’ ಬದಲು ‘%ಎಫ್’ ಮಾಡಿದೆವು. ಡಬ್ಬಿ ಬದಲಾಯಿಸಿ ಗುರುತನ್ನು ಹಾಗೇ ಬಿಟ್ಟರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ, ನೆನಪಿರಲಿ. ಈಗ ಉತ್ತರ 1500.000000. ‘%.2ಎಫ್’ ಎಂದು ಬರೆದರೆ ಪೈಸೆಯವರೆಗೆ ಮಾತ್ರ, 1500.00.

ಹತ್ತು ದೂರಿನ ಪ್ರೋಗ್ರಾಮಿನಲ್ಲಿ ತಪ್ಪು ಇದ್ದದ್ದು ಐದು. ಮೂರಕ್ಕೆ ಕಂಪೈಲರ್ ದೂರಿದ, ಒಂದಕ್ಕೆ ಮೆಲ್ಲಗೆ ಎಚ್ಚರಿಸಿದ, ಒಂದಕ್ಕೆ ಬಾಯಿಯನ್ನೇ ಬಿಡಲಿಲ್ಲ. ಹುಡುಗಿ ಅಳುತ್ತಾ ಬಂದದ್ದು ಮೊದಲ ಮೂರಕ್ಕೆ. ಕುಣಿದದ್ದು ಐದನೆಯದು ಇನ್ನೂ ಒಳಗಿದ್ದಾಗ. ಯಾವುದು ಹೆಚ್ಚು ಅಪಾಯ ನೀವೇ ಹೇಳಿ. ದೂರಿದ ತಪ್ಪು ಮನೆಯಲ್ಲೇ ಸಿಕ್ಕಿಬೀಳುತ್ತದೆ. ಸುಮ್ಮನಿದ್ದ ತಪ್ಪು ಹೊರಗೆ ಹೋಗಿ ಯಾರದೋ ನೂರು ರೂಪಾಯಿ ಕಳೆಯುತ್ತದೆ. ಇದನ್ನು ಕೇಳಿದ ಮೇಲೆ ಅವಳು ಕೋರ್ಸ್ ಬಿಡುವ ಮಾತು ತೆಗೆಯಲಿಲ್ಲ. “ಹಂಗಾದ್ರೆ ಕ್ಲಾಸಲ್ಲಿ ರನ್ ಆಗಿದ್ದೆಲ್ಲ ಸರಿ ಅಂತಲ್ಲ ಅಲ್ವಾ ತಾತ?” ಎಂದು ಕೇಳಿದಳು. ಅಲ್ಲವೇ ಅಲ್ಲ.

ಲೆಕ್ಕಪತ್ರ ಓದಿದವರಿಗೆ ಇದು ಹೊಸ ಮಾತಲ್ಲ. ಬಿ.ಕಾಂ. ತರಗತಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಎಂಬ ಪಟ್ಟಿ ಕಲಿಸುತ್ತಾರೆ. ಎಲ್ಲ ಡೆಬಿಟ್ ಒಂದು ಕಡೆ, ಎಲ್ಲ ಕ್ರೆಡಿಟ್ ಇನ್ನೊಂದು ಕಡೆ. ಎರಡರ ಮೊತ್ತ ತಾಳೆಯಾಗಬೇಕು. ತಾಳೆಯಾಗದಿದ್ದರೆ ತಪ್ಪಿದೆ ಎಂದು ಖಂಡಿತ. ಆದರೆ ತಾಳೆಯಾದರೆ ತಪ್ಪಿಲ್ಲ ಎಂದು ಖಂಡಿತವಲ್ಲ. ಒಬ್ಬರ ಖಾತೆಗೆ ಜಮೆಯಾಗಬೇಕಾದ ಹಣವನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮೆ ಮಾಡಿದರೂ ಪಟ್ಟಿ ಚೆನ್ನಾಗಿ ತಾಳೆಯಾಗುತ್ತದೆ. ಒಂದು ವ್ಯವಹಾರವನ್ನು ಬರೆಯುವುದನ್ನೇ ಬಿಟ್ಟರೂ ತಾಳೆಯಾಗುತ್ತದೆ. ಕಂಪೈಲ್ ಆಯಿತು ಎನ್ನುವುದೂ ಅಷ್ಟೇ. ವ್ಯಾಕರಣ ಸರಿಯಿದೆ ಎಂದು ಅರ್ಥ, ಹೇಳಿದ್ದು ನಿಜ ಎಂದು ಅರ್ಥವಲ್ಲ.

ತಾಳೆಯಾಗದಿದ್ದಾಗ ತಪ್ಪು ಹುಡುಕಲು ಹಳೆಯ ಲೆಕ್ಕಿಗರಿಗೆ ಒಂದು ಉಪಾಯ ಗೊತ್ತು. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು ಎನ್ನುತ್ತಾರೆ. ನಿಶ್ಶೇಷವಾಗಿ ಹೋದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು. 72ರ ಬದಲು 27 ಬರೆದರೆ ವ್ಯತ್ಯಾಸ 45, ಅದು ಒಂಬತ್ತರ ಐದರಷ್ಟು. 540ರ ಬದಲು 450 ಬರೆದರೆ 90. ಮಕ್ಕಳೇ, ಏಕೆ ಹಾಗೆ ಎಂದು ಮನೆಯಲ್ಲಿ ಯೋಚಿಸಿ. ತಪ್ಪು ಎಂಬುದಕ್ಕೆ ಒಂದು ಆಕಾರವಿದೆ, ಆ ಆಕಾರ ನೋಡಿ ಅದು ಎಲ್ಲಿಂದ ಬಂತೆಂದು ಊಹಿಸಬಹುದು ಎಂಬುದು ಇದರ ಸಾರ. ಪ್ರೋಗ್ರಾಮಿನಲ್ಲೂ ಸುಮ್ಮನಿರುವ ತಪ್ಪುಗಳಿಗೆ ಆಕಾರವಿದೆ. ಮೂರನ್ನು ಹೇಳುತ್ತೇನೆ.

ಒಂದು, ಉತ್ತರ ಸೊನ್ನೆ ಬರುವುದು. ಏಳನೇ ಸಾಲನ್ನು ‘ದರ / 100 * ಅಸಲು * ವರ್ಷ’ ಎಂದು ಬರೆದರೆ ಗಣಿತದಲ್ಲಿ ವ್ಯತ್ಯಾಸವಿಲ್ಲ. ಆದರೆ ಇಂಟ್ ಡಬ್ಬಿಗಳಾಗಿದ್ದರೆ 8 ಭಾಗಿಸು 100 ಎಂದರೆ ಸೊನ್ನೆ, ಏಕೆಂದರೆ ಪೂರ್ಣಸಂಖ್ಯೆಗಳ ಭಾಗಾಕಾರದಲ್ಲಿ ಸಿ ದಶಮಾಂಶವನ್ನು ಬಿಸಾಡುತ್ತದೆ. ಸೊನ್ನೆಯನ್ನು ಎಷ್ಟು ಲಕ್ಷದಿಂದ ಗುಣಿಸಿದರೂ ಸೊನ್ನೆಯೇ. ಸೊನ್ನೆ ಬಂದರೆ ಮೊದಲು ಭಾಗಾಕಾರವನ್ನು ನೋಡಿ.

ಎರಡು, ತೀರಾ ಚಿಕ್ಕ ಅಥವಾ ಋಣ ಸಂಖ್ಯೆ ಬರುವುದು. ಬೋರ್ಲೆಂಡ್ ಕಂಪನಿ 1987ರಲ್ಲಿ ಹೊರತಂದ ಟರ್ಬೊ ಸಿ ನಮ್ಮ ದೇಶದ ಎಷ್ಟೋ ಕಾಲೇಜುಗಳ ಲ್ಯಾಬಿನಲ್ಲಿ ಬಹಳ ಕಾಲ ಇತ್ತು. ಅದರ ನೀಲಿ ಪರದೆ ಹಲವರ ಅಪ್ಪ ಅಮ್ಮಂದಿರಿಗೆ ನೆನಪಿರಬಹುದು. ಅದರ ಇಂಟ್ ಡಬ್ಬಿ ಚಿಕ್ಕದು, 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಮಿಕ್ಕರೆ, ಹಳೆಯ ಸ್ಕೂಟರಿನ ಮೀಟರು ಕೊನೆ ಮುಟ್ಟಿ ಮತ್ತೆ ಮೊದಲಿಂದ ತಿರುಗುವಂತೆ, ಎಣಿಕೆ ಸುತ್ತು ಹೊಡೆಯುತ್ತದೆ. ಅಲ್ಲಿ 50,000 ಅಸಲು ಇಟ್ಟರೆ ಅದು −15,536 ಆಗುತ್ತದೆ. ಹತ್ತು ಸಾವಿರಕ್ಕೆ ಶೇಕಡ 7ರಂತೆ ಎರಡು ವರ್ಷದ ಬಡ್ಡಿಯನ್ನು ಪೂರ್ಣಸಂಖ್ಯೆಯಲ್ಲೇ ಕೇಳಿದರೂ 1400ರ ಬದಲು 89 ಎನ್ನುತ್ತದೆ. ಅಸಲು, ವರ್ಷ, ದರಗಳ ಗುಣಲಬ್ಧ 1,40,000 ಆ ಡಬ್ಬಿಯಲ್ಲಿ ಹಿಡಿಸದೆ ಎರಡು ಸುತ್ತು ತಿರುಗಿ 8,928 ಆಗಿರುತ್ತದೆ. ಅದನ್ನು ನೂರರಿಂದ ಭಾಗಿಸಿದರೆ 89. ಇಂದಿನ ಸಾಮಾನ್ಯ ಕಂಪೈಲರ್‌ಗಳಲ್ಲಿ ಡಬ್ಬಿ ದೊಡ್ಡದು, 214 ಕೋಟಿ ದಾಟುವವರೆಗೆ ಹಿಡಿಯುತ್ತದೆ. ಪ್ರೋಗ್ರಾಮ್ ಒಂದೇ, ಯಂತ್ರ ಬೇರೆಯಾದರೆ ಉತ್ತರ ಬೇರೆ!

ಇದು ಮಕ್ಕಳಿಗಷ್ಟೇ ಬರುವ ಕಷ್ಟವಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ಎಂಬ ಹೊಸ ರಾಕೆಟ್ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೊದಲ ಸಲ ಹಾರಿತು. ಸುಮಾರು 40 ಸೆಕೆಂಡಿನಲ್ಲಿ ದಾರಿ ತಪ್ಪಿ ಚೂರುಚೂರಾಯಿತು. ಅದರೊಳಗಿನ ಪ್ರೋಗ್ರಾಮಿನ ಒಂದು ಭಾಗವನ್ನು ಹಿಂದಿನ ಏರಿಯಾನ್-4ರಿಂದ ತೆಗೆದುಕೊಂಡಿದ್ದರು. ಹಳೆಯ ರಾಕೆಟ್ಟಿನಲ್ಲಿ ಒಂದು ಅಳತೆ ಈ ಚಿಕ್ಕ ಡಬ್ಬಿಗೆ ಸಾಲುತ್ತಿತ್ತು. ಹೊಸದರ ವೇಗಕ್ಕೆ ಸಂಖ್ಯೆ ದೊಡ್ಡದಾಯಿತು, ಡಬ್ಬಿಗೆ ಹಿಡಿಸಲಿಲ್ಲ. ಆ ರಾಕೆಟ್ಟಿನ ಪ್ರೋಗ್ರಾಮ್ ಸಿಯಲ್ಲಿ ಬರೆದದ್ದಲ್ಲ, ಆದರೆ ತಪ್ಪಿನ ಜಾತಿ ಒಂದೇ. ಅದೇ 32,767ರ ಡಬ್ಬಿ.

ಮೂರು, ಎಲ್ಲರಿಗೂ ಒಂದೇ ಉತ್ತರ ಬರುವುದು. ಹಿರಿಯ ನಾಗರಿಕರಿಗೆ ಅರ್ಧ ಶೇಕಡ ಹೆಚ್ಚು ಬಡ್ಡಿ ಕೊಡಬೇಕು ಎಂದುಕೊಳ್ಳಿ. ‘ಇಫ್ (ವಯಸ್ಸು = 60)’ ಎಂದು ಬರೆದರೆ, ಹನ್ನೆರಡು ವರ್ಷದ ನಿಮಗೂ ಹಿರಿಯ ನಾಗರಿಕರ ಬಡ್ಡಿ! ಸಿಯಲ್ಲಿ ಒಂದು ಸಮಚಿಹ್ನೆ ಎಂದರೆ ‘ಡಬ್ಬಿಗೆ ಇದನ್ನು ಹಾಕು’. ಅದು ನಿಮ್ಮ ವಯಸ್ಸನ್ನು 60 ಮಾಡಿಬಿಡುತ್ತದೆ. ‘ಸಮವೇ?’ ಎಂದು ಕೇಳಲು ಎರಡು ಸಮಚಿಹ್ನೆ ಬೇಕು. ಅರುವತ್ತು ಅಥವಾ ಮೇಲ್ಪಟ್ಟು ಎನ್ನಲು ‘>=’ ಬೇಕು. ಅದೇ ಸಾಲಿನ ಕೊನೆಗೆ ಅಭ್ಯಾಸಬಲದಿಂದ ಸೆಮಿಕೋಲನ್ ಹಾಕಿದರೂ ಎಲ್ಲರಿಗೂ ಹೆಚ್ಚಿನ ಬಡ್ಡಿಯೇ. ‘ವಯಸ್ಸಾಗಿದ್ದರೆ’ ಎಂದು ಹೇಳಿ ಅಲ್ಲಿಗೇ ಮಾತು ಮುಗಿಸಿದಂತಾಗುತ್ತದೆ. ನಾಲ್ಕನೇ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟರೆ ತಪ್ಪು, ಇಲ್ಲಿ ಹಾಕಿದರೆ ತಪ್ಪು.

ಹಾಗಾದರೆ ಸುಮ್ಮನಿರುವ ತಪ್ಪನ್ನು ಹಿಡಿಯುವುದು ಹೇಗೆ? ಮೂರು ಅಭ್ಯಾಸ ಸಾಕು.

ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಟ್ಟು ನೋಡಿ. ಸುಲಭದ ಒಂದು, ತೊಂದರೆ ಕೊಡುವ ಎರಡು. ಬಡ್ಡಿಗಾದರೆ ದರ 10 ಒಂದು ಸಲ, 7.5 ಇನ್ನೊಂದು ಸಲ, ಅಸಲು 50,000 ಮತ್ತೊಂದು ಸಲ.

ನಡುನಡುವೆ ಇಣುಕಿ ನೋಡಿ. ಉದ್ದದ ಪಟ್ಟಿಯ ಮೊತ್ತ ತಾಳೆಯಾಗದಿದ್ದರೆ ಪುಟಪುಟಕ್ಕೂ ಉಪಮೊತ್ತ ಹಾಕಿ, ಯಾವ ಪುಟದಲ್ಲಿ ಕೆಟ್ಟಿತು ಎಂದು ಹುಡುಕುತ್ತಾರೆ. ಹಾಗೆಯೇ ಆರನೇ ಸಾಲಿನ ಕೆಳಗೆ ಒಂದು ಪ್ರಿಂಟ್‌ಎಫ್ ಹಾಕಿ, ಮೂರು ಡಬ್ಬಿಯಲ್ಲಿ ಏನಿದೆ ತೋರಿಸು ಎನ್ನಿ. ದರ 7 ಎಂದು ಕಂಡ ಕೂಡಲೇ ಕಳ್ಳ ಸಿಕ್ಕಿದ. ಕೆಲಸ ಮುಗಿದ ಮೇಲೆ ಆ ಸಾಲನ್ನು ತೆಗೆಯಿರಿ.

ಗಟ್ಟಿಯಾಗಿ ಓದಿ ಹೇಳಿ. ಪ್ರೋಗ್ರಾಮ್ ಬರೆಯುವ ದೊಡ್ಡವರಲ್ಲೂ ಒಂದು ತಮಾಷೆಯ ಪದ್ಧತಿ ಇದೆ. ಮೇಜಿನ ಮೇಲೆ ರಬ್ಬರಿನ ಬಾತುಕೋಳಿ ಇಟ್ಟುಕೊಂಡು, ತಮ್ಮ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಅದಕ್ಕೆ ವಿವರಿಸುತ್ತಾರೆ. ಬಾತು ಏನೂ ಹೇಳುವುದಿಲ್ಲ. ವಿವರಿಸುವಾಗ ತಪ್ಪು ತಮಗೇ ಹೊಳೆಯುತ್ತದೆ. ಮನಸ್ಸಿನಲ್ಲೇ ಓದಿದರೆ, ಬರೆದದ್ದನ್ನಲ್ಲ, ಬರೆಯಬೇಕೆಂದಿದ್ದದ್ದನ್ನೇ ಓದಿಕೊಂಡು ಹೋಗುತ್ತೇವೆ.

ಅಜ್ಜ-ಅಜ್ಜಿಯರೇ, ನಿಮ್ಮ ಕೆಲಸ ಇಲ್ಲಿದೆ. ರಬ್ಬರಿನ ಬಾತಿಗಿಂತ ನೀವು ಎಷ್ಟೋ ಮೇಲು. ಮೊಮ್ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಈ ಸಾಲು ಏನು ಮಾಡುತ್ತೆ, ಹೇಳು’ ಎನ್ನಿ. ಒಂದು ಸಾಲಿಗೆ ಒಂದೇ ಪ್ರಶ್ನೆ. ಮಗು ‘ಇದು... ಇದು...’ ಎಂದು ತಡವರಿಸಿದ ಸಾಲಿನಲ್ಲೇ ಬಹಳ ಸಲ ತಪ್ಪು ಕೂತಿರುತ್ತದೆ. ಉತ್ತರ ಬಂದ ಮೇಲೆ ಕೈಲೆಕ್ಕದಿಂದ ತಾಳೆ ನೋಡಿ. ಅದರಲ್ಲಿ ನಿಮ್ಮನ್ನು ಮೀರಿಸುವವರು ಇಲ್ಲ. ಆದರೆ ‘ಇಷ್ಟೂ ಗೊತ್ತಾಗಲ್ವಾ?’ ಎಂಬ ಮಾತು ಮಾತ್ರ ಬೇಡ. ಕಂಪೈಲರ್ ದಿನಕ್ಕೆ ನೂರು ಸಲ ತಪ್ಪು ತೋರಿಸುತ್ತಾನೆ, ಒಂದು ಸಲವೂ ಮಗುವನ್ನು ದಡ್ಡ ಎನ್ನುವುದಿಲ್ಲ. ಆ ಗುಣ ನಾವೂ ಕಲಿಯಬೇಕು.

ಮಕ್ಕಳೇ, ನಿಮಗೆ ಈ ವಾರದ ಲೆಕ್ಕ. ಮೂರು ವಿಷಯಗಳಲ್ಲಿ 60, 70, 80 ಅಂಕ ಬಂದವನ ಸರಾಸರಿ 70. ಒಬ್ಬ ಹುಡುಗ ಮೂರು ಇಂಟ್ ಡಬ್ಬಿಗಳನ್ನಿಟ್ಟು ‘ಸರಾಸರಿ = ಕನ್ನಡ + ಗಣಿತ + ವಿಜ್ಞಾನ / 3;’ ಎಂದು ಬರೆದ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ನೂರಕ್ಕೆ 156 ಅಂಕ ಬಂತು! ಏಕೆ? ಏನು ಸೇರಿಸಿದರೆ ಸರಿಯಾಗುತ್ತದೆ? ಕಂಪ್ಯೂಟರ್ ಬೇಡ, ಕಾಗದ ಪೆನ್ಸಿಲ್ ಸಾಕು. ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಉತ್ತರ ಮುಂದಿನ ವಾರ.